ಬೆನಿಫಿಟ್ ಅಸೆಸ್‌ಮೆಂಟ್: ಪಾರ್ಕಿನ ಅಚ್ಚುಕಟ್ಟು ಎಲ್ಲಿಯವರೆಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಮ್ಮ ಅಕ್ಕ ಮನೆ ಕಂದಾಯದ ಬಿಲ್ಲಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಳು. ಮೇಲಿನ ದೊಡ್ಡ ಮೊತ್ತದ ಬಗ್ಗೆ ಅವಳ ತಕರಾರೇನೂ ಇರಲಿಲ್ಲ. ಮನೆ ಕೊಳ್ಳುವಾಗಲೇ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅವಳ ಕಣ್ಣು ಬಿದ್ದದ್ದು ಕೆಳಗಿನ ಸಣ್ಣ ಸಾಲುಗಳ ಮೇಲೆ. ಸೊಳ್ಳೆ ನಿಯಂತ್ರಣಕ್ಕೆ ಇಷ್ಟು, ಬಯಲು ಪ್ರದೇಶ ಪ್ರಾಧಿಕಾರಕ್ಕೆ 24 ಡಾಲರ್, ಹೀಗೆ. "ಲೋ, ಸೊಳ್ಳೆಗೂ ಕಂದಾಯ ಕಟ್ಟೋ ಊರಿಗೆ ಬಂದು ಸೇರ್ಕೊಂಡೆ ನೋಡು. ಈ ಅಸೆಸ್‌ಮೆಂಟ್ ಅಂದ್ರೆ ಏನೋ? ನಮ್ಮೂರಲ್ಲೂ ಅಸೆಸ್‌ಮೆಂಟ್ ಅಂತಾರಲ್ಲ, ಅದೇನಾ?"

ಅದಲ್ಲ. ನಮ್ಮಲ್ಲಿ ಅಸೆಸ್‌ಮೆಂಟ್ ಅಂದರೆ ಆಸ್ತಿಯ ಅಳತೆ, ಬೆಲೆ ನೋಡಿ ತೆರಿಗೆ ಎಷ್ಟೆಂದು ಗೊತ್ತು ಮಾಡುವ ಕೆಲಸ. ಕ್ಯಾಲಿಫೋರ್ನಿಯಾದ ಬಿಲ್ಲಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ. ಅಲ್ಲಿ ಅದು ದುಡ್ಡಿನದೇ ಹೆಸರು. ಒಂದು ಗೊತ್ತಾದ ಕೆಲಸದಿಂದ ನಿಮ್ಮ ಆಸ್ತಿಗೆ ಗೊತ್ತಾದ ಒಂದು ಪ್ರಯೋಜನ ಸಿಗುತ್ತಿದೆ, ಆ ಪ್ರಯೋಜನ ಎಷ್ಟೋ ಅಷ್ಟಕ್ಕೆ ಮಾತ್ರ ದುಡ್ಡು ಕೊಡಿ ಎಂದು ವಸೂಲು ಮಾಡುವುದೇ ಬೆನಿಫಿಟ್ ಅಸೆಸ್‌ಮೆಂಟ್. ಬೀದಿ ದೀಪ, ಚರಂಡಿ, ರಸ್ತೆ ಬದಿಯ ಗಿಡಗಳು, ಪಾರ್ಕು, ಇವೆಲ್ಲಕ್ಕೂ ಹೀಗೆ ಹಣ ಎತ್ತುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಪದ ಬೇಕೇ ಬೇಕು ಅಂದರೆ ನಾನು 'ಪ್ರಯೋಜನ ವಂತಿಗೆ' ಎನ್ನುತ್ತೇನೆ. ತೆರಿಗೆ ಎನ್ನಲಾರೆ. ಕಾರಣ ಮುಂದೆ ಬರುತ್ತದೆ, ಒಂದೂರಿನಲ್ಲಿ ಪಾರ್ಕಿಗೆ ಬೀಗ ಬಿದ್ದದ್ದೇ ಆ ವ್ಯತ್ಯಾಸದಿಂದ.

ನಮಗೆ ಇದು ಹೊಸ ಯೋಚನೆಯೂ ಅಲ್ಲ. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರು ಸುಗ್ಗಿಯಲ್ಲಿ ನೀರುಗಂಟಿಗೆ ಇಂತಿಷ್ಟು ಭತ್ತ ಅಳೆದು ಕೊಡುತ್ತಿದ್ದರು. ಎರಡು ಎಕರೆ ಇದ್ದವನದು ಹೆಚ್ಚು, ಅರ್ಧ ಎಕರೆಯವನದು ಕಡಿಮೆ. ಏರಿಯ ಮೇಲುಗಡೆ ಹೊಲ ಇದ್ದವನನ್ನು ಯಾರೂ ಕೇಳುತ್ತಿರಲಿಲ್ಲ, ಅವನಿಗೆ ತೂಬಿನ ನೀರು ಹತ್ತುವುದಿಲ್ಲವಲ್ಲ. ಬೆನಿಫಿಟ್ ಅಸೆಸ್‌ಮೆಂಟಿನ ತಿರುಳು ಇಷ್ಟೇ: ನೀರು ಮುಟ್ಟುವ ಭೂಮಿ, ಮುಟ್ಟುವಷ್ಟಕ್ಕೆ ಪಾಲು.

ಕೆರೆಗೆ ಅಚ್ಚುಕಟ್ಟನ್ನು ನೀರೇ ಗೆರೆ ಎಳೆದು ತೋರಿಸುತ್ತದೆ. ಪಾರ್ಕಿಗೆ? ಅದರ ಅಚ್ಚುಕಟ್ಟು ಎದುರು ಮನೆಗೆ ಮುಗಿಯಿತೇ, ನಾಲ್ಕು ಬೀದಿಯಾಚೆ ಮುಗಿಯಿತೇ? ಭಾನುವಾರ ಪಕ್ಕದೂರಿನಿಂದ ಕಾರಿನಲ್ಲಿ ಮಕ್ಕಳನ್ನು ಕರೆತರುವವರ ಮನೆವರೆಗೂ ಉಂಟೇ? ಕ್ಯಾಲಿಫೋರ್ನಿಯಾದವರು ಮೂವತ್ತು ವರ್ಷಗಳಿಂದ ಕೋರ್ಟಿನಲ್ಲಿ ಗುದ್ದಾಡುತ್ತಿರುವುದು ಈ ಒಂದು ಗೆರೆಗಾಗಿ.

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ 1850ರ ದಶಕದಲ್ಲಿ ಜಾಗ ಕೊಂಡಾಗ ಆದ ಖರ್ಚಿನ ಸುಮಾರು ಮೂರನೇ ಒಂದು ಭಾಗವನ್ನು ಸುತ್ತಲಿನ ಆಸ್ತಿವಂತರ ಮೇಲೆ ಹಾಕಿದ್ದರು. ಪಾರ್ಕಿನಿಂದ ನಿಮ್ಮ ಜಾಗದ ಬೆಲೆ ಏರುತ್ತದೆ, ಏರಿದ್ದರಲ್ಲಿ ಸ್ವಲ್ಪ ಇತ್ತ ಬರಲಿ ಎಂಬ ತರ್ಕ. ಅದು ಜಾಗ ಕೊಳ್ಳುವ ಒಂದು ಸಲದ ಖರ್ಚು. ಹುಲ್ಲು ಕತ್ತರಿಸುವುದು, ನಲ್ಲಿ ರಿಪೇರಿ, ಮಾಲಿಯ ಸಂಬಳ, ಇವು ವರ್ಷ ವರ್ಷವೂ ಬರುವ ಖರ್ಚುಗಳು. ರಿಬ್ಬನ್ ಕತ್ತರಿಸಲು ಜನ ಸಿಗುತ್ತಾರೆ, ಹುಲ್ಲು ಕತ್ತರಿಸಲು ದುಡ್ಡು ಸಿಗುವುದಿಲ್ಲ. ಇದು ಎಲ್ಲ ದೇಶದ ಪುರಸಭೆಗಳ ಪಾಡು.

ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಈ ಪಾಡು ಬಿಗಡಾಯಿಸಿತು. ಆ ವರ್ಷ ಮತದಾರರೇ ಪ್ರೊಪೊಸಿಷನ್ 13 ಎಂಬ ತಿದ್ದುಪಡಿಗೆ ಮತ ಹಾಕಿ ಆಸ್ತಿ ತೆರಿಗೆಯನ್ನು ಮನೆಯ ಲೆಕ್ಕದ ಬೆಲೆಯ ಶೇ. 1ಕ್ಕೆ ಕಟ್ಟಿಹಾಕಿದರು. ಆ ಬೆಲೆಯೂ ಮನೆ ಕೈಬದಲಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಒಂದು ನಿರ್ದಿಷ್ಟ ಕೆಲಸಕ್ಕೆಂದು ಹೊಸ ತೆರಿಗೆ ಹಾಕಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಊರುಗಳ ಬೊಕ್ಕಸ ಬರಿದಾಯಿತು. ಆಗ ಪುರಸಭೆಗಳ ಕಣ್ಣು 1972ರ ಲ್ಯಾಂಡ್‌ಸ್ಕೇಪಿಂಗ್ ಆ್ಯಂಡ್ ಲೈಟಿಂಗ್ ಕಾಯ್ದೆಯ ಮೇಲೆ ಬಿತ್ತು. ಅದರಡಿ ಅಸೆಸ್‌ಮೆಂಟ್ ಹಾಕಿದರೆ ಅದು ತೆರಿಗೆಯೇ ಅಲ್ಲ, ಹಾಗಾಗಿ ಮತವೂ ಬೇಕಿಲ್ಲ! ಓರ್ಲಂಡ್ ಎಂಬ ಪುಟ್ಟ ಊರು ತನ್ನ ಐದು ಪಾರ್ಕುಗಳ ನಿರ್ವಹಣೆಗೆ ಮನೆಗೆ ವರ್ಷಕ್ಕೆ 24 ಡಾಲರ್ ಹಾಕಿತು. ಇದು ಹೆಸರು ಬದಲಿಸಿಕೊಂಡ ತೆರಿಗೆ ಎಂದು ಕೆಲವರು ಕೋರ್ಟಿಗೆ ಹೋದರು. 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಓರ್ಲಂಡಿನ ಪರವಾಗಿ ನಿಂತಿತು.

ತೆರಿಗೆ ವಿರೋಧಿಗಳು ಸುಮ್ಮನೆ ಕೂರಲಿಲ್ಲ. 1996ರ ನವೆಂಬರಿನಲ್ಲಿ ಪ್ರೊಪೊಸಿಷನ್ 218 ಬಂತು. ಅಸೆಸ್‌ಮೆಂಟ್ ಹಾಕುವ ಕ್ರಮವನ್ನೇ ರಾಜ್ಯದ ಸಂವಿಧಾನದೊಳಗೆ ಬರೆದುಬಿಟ್ಟರು. ಇಂದು ಈ ಪದದ ಅರ್ಥ ತಿಳಿಯಬೇಕೆಂದರೆ ನೋಡಬೇಕಾದದ್ದು ಅದನ್ನೇ.

ಅದರ ಪ್ರಕಾರ ಪ್ರಯೋಜನದಲ್ಲಿ ಎರಡು ಬಗೆ. ಊರಿಗೆಲ್ಲ, ದಾರಿಹೋಕನಿಗೂ ಸಿಗುವುದು ಸಾಮಾನ್ಯ ಪ್ರಯೋಜನ. ಅದಕ್ಕೂ ಮೀರಿ ಒಂದು ಆಸ್ತಿಗೆ ಪ್ರತ್ಯೇಕವಾಗಿ ಸಿಗುವುದು ವಿಶೇಷ ಪ್ರಯೋಜನ. ವಂತಿಗೆ ಎತ್ತಬಹುದಾದದ್ದು ಎರಡನೆಯದಕ್ಕೆ ಮಾತ್ರ. ಒಂದು ಪಾರ್ಕಿನ ವರ್ಷದ ಖರ್ಚು ಒಂದು ಲಕ್ಷ ಡಾಲರ್ ಎನ್ನೋಣ, ಅದರಲ್ಲಿ ಕಾಲು ಪಾಲು ಸಾಮಾನ್ಯ ಪ್ರಯೋಜನ ಎಂದು ಲೆಕ್ಕ ಬಂದರೆ ಆ 25,000 ಡಾಲರನ್ನು ಊರು ಬೇರೆ ಕಡೆಯಿಂದ ಹೊಂದಿಸಬೇಕು, ಮನೆಗಳ ತಲೆಗೆ ಕಟ್ಟುವಂತಿಲ್ಲ. ಇನ್ನೊಂದು ಮಾತೂ ಅಲ್ಲಿದೆ: ಪಾರ್ಕು ಬಂದದ್ದರಿಂದ ಆಸ್ತಿಯ ಬೆಲೆ ಒಟ್ಟಾರೆ ಏರಿತು ಎಂಬುದು ವಿಶೇಷ ಪ್ರಯೋಜನ ಆಗುವುದಿಲ್ಲ. ಸೆಂಟ್ರಲ್ ಪಾರ್ಕಿನ ಕಾಲದ ತರ್ಕಕ್ಕೆ ಅಲ್ಲಿಗೆ ಎಳ್ಳುನೀರು.

ಈ ಎರಡನ್ನು ಬೇರ್ಪಡಿಸಿ ಕೊಡಬೇಕಾದವನು ನೋಂದಾಯಿತ ಎಂಜಿನಿಯರ್. ಸೇತುವೆ, ಕಟ್ಟಡದ ಎಂಜಿನಿಯರ್ ಇಲ್ಲಿ ಕೂತು ಸಂತೋಷವನ್ನು ಅಳೆಯುತ್ತಾನೆ, ನನಗಂತೂ ಇದು ಬಹಳ ಮಜಾ ಅನ್ನಿಸುತ್ತದೆ. ಎಂಜಿನಿಯರ್ ವರದಿಯ ಪಟ್ಟಿಗಳು ಹೆಚ್ಚುಕಡಿಮೆ ಹೀಗಿರುತ್ತವೆ: ಒಂದು ಕುಟುಂಬದ ಬಿಡಿ ಮನೆ ಅಂದರೆ 1 ಪಾಲು. ಅಪಾರ್ಟ್‌ಮೆಂಟಿನ ಫ್ಲಾಟಿಗೆ ಅದಕ್ಕಿಂತ ಕಡಿಮೆ, ಅಲ್ಲಿರುವ ತಲೆಗಳು ಕಡಿಮೆ ಎಂದು. ಖಾಲಿ ಸೈಟಿಗೆ ಇನ್ನೂ ಕಡಿಮೆ. ಅಂಗಡಿ, ಆಫೀಸಿಗೆ ಜಾಗದ ವಿಸ್ತೀರ್ಣದ ಮೇಲೆ. ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರದ ವಲಯಕ್ಕೆ ಒಂದು ದರ, ಅದರಾಚೆಗೆ ಇನ್ನೊಂದು. ಕೆಲವು ಕಡೆ ಪಾರ್ಕಿನ ಗೇಟಿನಲ್ಲಿ ನಿಂತು ಬಂದವರನ್ನು ನೀವು ಎಲ್ಲಿಯವರು ಎಂದು ಕೇಳಿ, ಹೊರಗಿನವರ ಪಾಲನ್ನು ಸಾಮಾನ್ಯ ಪ್ರಯೋಜನ ಎಂದು ಕಳೆಯುತ್ತಾರೆ. ನೀರು ಎಳೆಯದ ಗೆರೆಯನ್ನು ಟೇಪು ಹಿಡಿದು ಎಳೆಯುವ ಕೆಲಸ ಇದು.

ವರದಿ ಆದಮೇಲೆ ಮತ. ಇಲ್ಲೂ ಒಂದು ವಿಚಿತ್ರ. ಮತಪತ್ರ ಅಂಚೆಯಲ್ಲಿ ಬರುತ್ತದೆ, ಮತದಾರರ ಪಟ್ಟಿ ನೋಡಿ ಅಲ್ಲ, ಆಸ್ತಿಯ ದಾಖಲೆ ನೋಡಿ. ಕಳಿಸಿ 45 ದಿನವಾದರೂ ಆದಮೇಲೆ ಸಾರ್ವಜನಿಕ ಸಭೆ, ಅಲ್ಲಿ ಎಣಿಕೆ. ಒಬ್ಬರಿಗೆ ಒಂದು ಮತ ಎಂಬುದಿಲ್ಲ, ಎಷ್ಟು ದುಡ್ಡು ಕಟ್ಟಬೇಕೋ ಮತಕ್ಕೆ ಅಷ್ಟು ತೂಕ. ಒಂದು ಬಡಾವಣೆಯಲ್ಲಿ ನೂರು ಮನೆ, ತಲಾ 20 ಡಾಲರ್; ಜೊತೆಗೆ 1,500 ಡಾಲರ್ ಕಟ್ಟಬೇಕಾದ ಒಂದು ಶಾಪಿಂಗ್ ಕಾಂಪ್ಲೆಕ್ಸ್ ಇದೆ ಎಂದುಕೊಳ್ಳಿ. 60 ಮನೆಯವರು ಸರಿ ಎಂದು ಬರೆದು ಕಳಿಸಿದರು, ಉಳಿದವರು ಲಕೋಟೆಯನ್ನು ಫ್ರಿಜ್ಜಿನ ಮೇಲೆ ಇಟ್ಟು ಮರೆತರು. ಸರಿ ಎಂದವರ ತೂಕ 1,200. ಕಾಂಪ್ಲೆಕ್ಸಿನ ಒಡೆಯ ಒಬ್ಬನೇ ಬೇಡ ಎಂದ, 1,500. ಪಾರ್ಕಿಗೆ ದುಡ್ಡಿಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಹಿಡಿದದ್ದು ಬೇರೆಯದನ್ನೇ. "ಅಂದ್ರೆ ನನಗೂ ಓಟು ಉಂಟಾ?" ಅವಳದು ಇನ್ನೂ ಗ್ರೀನ್ ಕಾರ್ಡು. ಅಧ್ಯಕ್ಷರ ಚುನಾವಣೆಯಲ್ಲಿ ಓಟಿಲ್ಲ, ಮೇಯರ್ ಚುನಾವಣೆಯಲ್ಲೂ ಇಲ್ಲ. ಆದರೆ ಅಸೆಸ್‌ಮೆಂಟಿನ ಮತಪತ್ರ ಮನೆಯ ಒಡೆಯರದು, ಪೌರತ್ವ ಕೇಳುವುದಿಲ್ಲ. ಸನಿವೇಲಿನಿಂದ ಫ್ರೀಮಾಂಟಿನವರೆಗೆ ಮನೆ ಮಾಡಿಕೊಂಡಿರುವ ಎಷ್ಟೋ ಕನ್ನಡದವರಿಗೆ ಆ ದೇಶದಲ್ಲಿ ಸಿಗುವ ಮೊದಲ ಓಟು ಇಂಥದ್ದೇ ಆಗಬಹುದು. ಜಾಹೀರಾತಿನ ಕಾಗದ ಎಂದು ಕಸದ ಬುಟ್ಟಿಗೆ ಹಾಕದಿದ್ದರೆ.

ಈಗ ಅವಳ ಬಿಲ್ಲಿನ 24 ಡಾಲರಿಗೆ ಬರೋಣ. ಅದು ಅಸೆಸ್‌ಮೆಂಟ್ ಅಲ್ಲ, ತೆರಿಗೆ. ಅಸೆಸ್‌ಮೆಂಟ್ ಆಗಲು ಹೋಗಿ ಬಿದ್ದು ಎದ್ದ ತೆರಿಗೆ. ಸ್ಯಾನ್ ಹೋಸೆ ಇರುವ ಸ್ಯಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಬಯಲು ಪ್ರದೇಶ ಪ್ರಾಧಿಕಾರ 2001ರಲ್ಲಿ ಬೆಟ್ಟ ಬಯಲುಗಳನ್ನು ಕೊಂಡು ಕಾಯಲು ಮನೆಗೆ 20 ಡಾಲರ್ ಅಸೆಸ್‌ಮೆಂಟ್ ಹಾಕಿತು. ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮತ ಬಿದ್ದಿತ್ತು. ಆದರೆ ಅದರ ವಲಯ ಎಷ್ಟಿತ್ತು ಗೊತ್ತೇ? 800 ಚದರ ಮೈಲಿ, 3,14,000 ಆಸ್ತಿಗಳು, 12 ಲಕ್ಷ ಜನ. ತೆರಿಗೆದಾರರ ಸಂಘ ಕೋರ್ಟಿಗೆ ಹೋಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ನೋಟ ಚೆಂದವಾಗುತ್ತದೆ, ವಿಹಾರಕ್ಕೆ ಜಾಗ ಸಿಗುತ್ತದೆ ಎಂದು ವರದಿ ಹೇಳಿದ್ದೆಲ್ಲ 12 ಲಕ್ಷ ಜನಕ್ಕೂ ಒಂದೇ ಆಗಿರುವಾಗ ಅದರಲ್ಲಿ ವಿಶೇಷ ಏನು ಬಂತು? ಯಾವ ಜಾಗ ಕೊಳ್ಳುತ್ತೇವೆಂದೇ ಗೊತ್ತಿಲ್ಲದೆ ಯಾರ ಮನೆಗೆ ಎಷ್ಟು ಪ್ರಯೋಜನ ಎಂದು ಹೇಗೆ ಹೇಳಿದಿರಿ? ಅದಕ್ಕಿಂತ ಮುಖ್ಯವಾಗಿ, ಇನ್ನು ಮುಂದೆ ಪುರಸಭೆ ಹೇಳಿದ್ದನ್ನು ಕೋರ್ಟುಗಳು ಹಾಗೇ ಒಪ್ಪಿಕೊಳ್ಳುವುದಿಲ್ಲ, ತಾವೇ ತೂಗಿ ನೋಡುತ್ತವೆ ಎಂದಿತು. ಓರ್ಲಂಡಿನ ಕಾಲದ ಸಲುಗೆ ಅಲ್ಲಿಗೆ ಮುಗಿಯಿತು. ಪ್ರಾಧಿಕಾರ 2014ರಲ್ಲಿ ಮತ್ತೆ ಜನರ ಮುಂದೆ ಹೋಯಿತು, ಈ ಸಲ 24 ಡಾಲರ್ ತೆರಿಗೆ ಎಂದು ನೇರವಾಗಿ ಹೇಳಿ. ಮೂರನೇ ಎರಡರಷ್ಟು ಮತ ಬೇಕಿತ್ತು, ಬಂತು. 2020ರಲ್ಲಿ ಅದನ್ನೇ ಮುಂದುವರಿಸಲೂ ಜನ ಒಪ್ಪಿದರು. ತೆರಿಗೆಯ ಮತಕ್ಕೆ ನೋಡುವುದು ಮತದಾರರ ಪಟ್ಟಿಯನ್ನು, ಹಾಗಾಗಿ ಈ ಮತದಾನದಲ್ಲಿ ಅಕ್ಕನಿಗೆ ಓಟಿಲ್ಲ, ಅವಳ ಬೀದಿಯಲ್ಲಿ ಪೌರತ್ವ ಇರುವ ಬಾಡಿಗೆದಾರರಿಗೆ ಉಂಟು.

ಬಯಲು ಪ್ರದೇಶ ಹೋಗಲಿ, ಊರೊಳಗಿನ ಮಾಮೂಲಿ ಪಾರ್ಕಿಗೂ ಇದೇ ಗತಿಯಾದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ವೈಲ್ಡೊಮಾರ್ ಎಂಬಲ್ಲಿ. ರಿವರ್‌ಸೈಡ್ ಕೌಂಟಿ ಅಲ್ಲಿನ ಪಾರ್ಕುಗಳ ನಿರ್ವಹಣೆಗೆ ಮನೆಗೆ 28 ಡಾಲರ್ ಅಸೆಸ್‌ಮೆಂಟ್ ಹಾಕಿತ್ತು. 2010ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. ಪಾರ್ಕುಗಳಿಂದ ಅಲ್ಲಿನವರಿಗೆ ಪ್ರಯೋಜನವೇ ಇಲ್ಲವೆಂದಲ್ಲ. ಊರಿಗೆಲ್ಲ ಆಗುವ ಪ್ರಯೋಜನ ಎಷ್ಟು, ಮನೆಗಳಿಗೆ ಆಗುವುದು ಎಷ್ಟು ಎಂದು ಎಂಜಿನಿಯರ್ ವರದಿ ಬೇರ್ಪಡಿಸಿ ತೋರಿಸಿರಲಿಲ್ಲ. ಹಣದ ಹರಿವು ನಿಂತಿತು. ಪಾರ್ಕು ಮುಚ್ಚಬೇಕಾಗಿ ಬಂತು. 2012ರ ನವೆಂಬರಿನಲ್ಲಿ ಅದೇ ಊರಿನವರು ಅದೇ 28 ಡಾಲರನ್ನು ತೆರಿಗೆಯ ರೂಪದಲ್ಲಿ ಒಪ್ಪಿಕೊಂಡಮೇಲೆ ಗೇಟು ತೆರೆಯಿತು. ಮೊತ್ತ ಅದೇ, ಪಾರ್ಕು ಅದೇ, ಕಟ್ಟುವವರೂ ಅವರೇ. ಬದಲಾದದ್ದು ಒಂದು ಪದ.

ಇದರಲ್ಲಿ ಒಂದು ಗಂಟು ಇದೆ, ಅದು ಎಂದಾದರೂ ಬಿಚ್ಚುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಪಾರ್ಕು ಒಳ್ಳೆಯದಾದಷ್ಟೂ ದೂರದಿಂದ ಜನ ಬರುತ್ತಾರೆ. ದೂರದಿಂದ ಬಂದಷ್ಟೂ ಅದರ ಪ್ರಯೋಜನ ಸಾಮಾನ್ಯವಾಗುತ್ತದೆ, ಪಕ್ಕದ ಮನೆಯವರಿಂದ ವಂತಿಗೆ ಎತ್ತುವ ಹಕ್ಕು ತೆಳುವಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಅತಿ ಭದ್ರವಾಗಿ ನಿಲ್ಲುವ ಅಸೆಸ್‌ಮೆಂಟ್ ಯಾವುದೆಂದರೆ ಆಚೆ ಬೀದಿಯವರು ಯಾರೂ ಕಾಲಿಡದ ಪಾರ್ಕಿನದು.

ತೆರಿಗೆಯೋ ಶುಲ್ಕವೋ ಎಂಬ ಈ ಜಗಳ ನಮಗೂ ಪರಿಚಿತ. ಸ್ವತಂತ್ರ ಭಾರತದಲ್ಲಿ ಅದನ್ನು ಮೊದಲು ಬಿಡಿಸಿ ಹೇಳಿದ್ದು ನಮ್ಮ ಉಡುಪಿಯ ಶಿರೂರು ಮಠದ ಕೇಸು. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಧಾರ್ಮಿಕ ದತ್ತಿಗಳ ಮೇಲ್ವಿಚಾರಣೆಗೆಂದು ಸರ್ಕಾರ ಮಠದ ಆದಾಯದಲ್ಲಿ ಶೇ. 5ರವರೆಗೆ ವಂತಿಗೆ ಕೇಳಿತು. 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕೊಟ್ಟವನಿಗೆ ಅದಕ್ಕೆ ಪ್ರತಿಯಾಗಿ ವಿಶೇಷ ಸೇವೆ ಸಿಕ್ಕರೆ ಅದು ಶುಲ್ಕ, ಸಿಗದೆ ಬೊಕ್ಕಸಕ್ಕೆ ಸೇರಿದರೆ ತೆರಿಗೆ, ಇದು ತೆರಿಗೆ, ರಾಜ್ಯ ಇದನ್ನು ಹಾಕುವಂತಿಲ್ಲ. ಮುಂದೆ ನಮ್ಮ ಕೋರ್ಟುಗಳು ಈ ಕೊಡು-ಕೊಳ್ಳುವ ಲೆಕ್ಕವನ್ನು ಸಡಿಲಿಸುತ್ತಾ ಬಂದವು, ಕ್ಯಾಲಿಫೋರ್ನಿಯಾ ಬಿಗಿಗೊಳಿಸುತ್ತಾ ಹೋಯಿತು. ನಮ್ಮ ಆಸ್ತಿ ತೆರಿಗೆ ರಸೀದಿಯಲ್ಲೂ ಸಣ್ಣ ಸಾಲುಗಳಿವೆ: ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ. ಅವು ತೆರಿಗೆಯ ಮೇಲೆ ಶೇಕಡಾವಾರು ಏರಿಸಿದ್ದು. ಗ್ರಂಥಾಲಯದ ಪಕ್ಕದ ಮನೆಗೂ ಮೂರು ಕಿಲೋಮೀಟರ್ ದೂರದ ಮನೆಗೂ ದರ ಒಂದೇ, ಯಾವ ಎಂಜಿನಿಯರೂ ಟೇಪು ಹಿಡಿದು ಬರುವುದಿಲ್ಲ.

ಇಷ್ಟೆಲ್ಲ ಅಕ್ಕನಿಗೆ ಫೋನಿನಲ್ಲಿ ವಿವರಿಸುವ ಹೊತ್ತಿಗೆ ಅವಳ ಅನ್ನದ ಕುಕ್ಕರು ಮೂರು ಸಲ ಕೂಗಿತ್ತು. ಕೊನೆಗೆ ಕೇಳಿದಳು, "ಸರಿ ಕಣೋ, ಬಯಲಿನದು ತೆರಿಗೆ. ಮತ್ತೆ ಸೊಳ್ಳೆದು?"

"ಅದೇ ಅಕ್ಕಾ ನಿಜವಾದ ಬೆನಿಫಿಟ್ ಅಸೆಸ್‌ಮೆಂಟು."

"ಹೌದಾ? ಹಾಗಾದ್ರೆ ಯಾರ ಮನೆಗೆ ಎಷ್ಟು ಸೊಳ್ಳೆ ಕಡಿಮೆ ಆಯ್ತು ಅಂತ ಎಂಜಿನಿಯರ್ ಎಣಿಸಿದಾನಾ?"