ಊರಿಗೆ ಮರಳುವ ಅಧ್ಯಾಯ ಎಲ್ಲಿ ಹೋಯಿತು?

ಕಳೆದ ಹುತ್ತರಿ ಹಬ್ಬದ ಮರುದಿನ ಕೊಡಗಿನ ನಮ್ಮ ಹಿರಿಯರ ಮನೆಯಾದ ಐನ್‌ಮನೆಯ ಜಗಲಿಯಲ್ಲಿ ತಂಬಿಟ್ಟಿನ ತಟ್ಟೆಯ ಸುತ್ತ ಕುಳಿತಿದ್ದವರ ನಡುವೆ ಜೋರು ಜಗಳ ಹತ್ತಿಕೊಂಡಿತು. ಆಸ್ತಿಯ ವಿಷಯವಲ್ಲ, ಕರಿಮೆಣಸಿನ ಧಾರಣೆಯೂ ಅಲ್ಲ. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಮಾಂತ್ರಿಕ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಲೋಕದ ಗಲಾಡ್ರಿಯೆಲ್ ಎಂಬ ಎಲ್ಫ್ (ಸಾವಿಲ್ಲದ ಕುಲದ) ಹೆಂಗಸು, ಹೊಸ ವೆಬ್ ಸರಣಿಯಲ್ಲಿ ತೋರಿಸಿದಂತೆ, ಕವಚ ತೊಟ್ಟು ಕತ್ತಿ ಹಿಡಿಯಬಹುದೇ ಎಂಬ ಪ್ರಶ್ನೆ. ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮ ಕೂಡದು ಎಂದ. ಪದವಿಯ ಎರಡನೆಯ ವರ್ಷದಲ್ಲಿರುವ ಚಿಕ್ಕಪ್ಪನ ಮಗಳು ಯಾಕೆ ಕೂಡದು ಎಂದಳು. "ಮೂಲದಲ್ಲಿ ಹಾಗಿಲ್ಲ" ಎಂದ. "ಅಣ್ಣಾ, ಸಿನಿಮಾದಲ್ಲಿ ಹಾಗಿಲ್ಲ ಎನ್ನಿ. ಮೂಲವನ್ನು ನೀವು ಓದಿದ್ದು ಯಾವಾಗ?" ಎಂದಳು. ಕಾಫಿ ತಂದ ಅತ್ತೆಗೆ ಯಾರು ಯಾರ ಪರ ಎಂದೇ ತಿಳಿಯಲಿಲ್ಲ. ಲೋಟಗಳನ್ನಿಟ್ಟು ಒಳಗೆ ಹೋದರು.

ಅತ್ತೆಯನ್ನು ದೂರುವಂತಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಈ ಜಗಳದಲ್ಲಿ ಎರಡೇ ಕಡೆಗಳಿದ್ದವು, ಓದಿದವರು ಮತ್ತು ನೋಡಿದವರು. ಈಗ ಪುಸ್ತಕದವರು, ಚಿತ್ರಮಂದಿರದ ಆವೃತ್ತಿಯವರು, ಡಿವಿಡಿಯಲ್ಲಿ ಬಂದ ಉದ್ದನೆಯ ಆವೃತ್ತಿಯವರು, ವೆಬ್ ಸರಣಿಯವರು, ಇವು ಯಾವುವನ್ನೂ ಮುಟ್ಟದೆ ವಿಡಿಯೊ ಗೇಮಿನಿಂದಲೇ ಬಂದವರು ಎಂದು ಕವಲೊಡೆದಿದೆ. ಒಬ್ಬರ 'ಮೂಲ' ಇನ್ನೊಬ್ಬರ ಪಾಲಿಗೆ ನಕಲು.

ಜಗಳ ಹಳೆಯದು. ಅಮೆರಿಕದ 'ಆಜ್' ಕಥೆ 1900ರಲ್ಲಿ ಪುಸ್ತಕವಾಗಿ ಬಂದಾಗ ಹುಡುಗಿಯ ಪಾದರಕ್ಷೆ ಬೆಳ್ಳಿಯದು. 1939ರ ವರ್ಣಚಿತ್ರದಲ್ಲಿ ಅದು ಮಾಣಿಕ್ಯದ ಕೆಂಪಾಯಿತು. ಬಣ್ಣದ ಪರದೆಗೆ ಕೆಂಪು ಒಪ್ಪುತ್ತಿತ್ತು, ಅಷ್ಟೇ ಕಾರಣ. ಇಂದು ಬೆಳ್ಳಿ ಎಂದರೆ ಯಾರೂ ನಂಬುವುದಿಲ್ಲ. ಟೋಲ್ಕಿನ್ 1958ರಲ್ಲೇ ತಮ್ಮ ಕಥೆಯ ಚಿತ್ರಕಥೆಯೊಂದನ್ನು ಓದಿ, ಕಥೆಯ ಜೀವವಿರುವ ಕಡೆ ಕತ್ತರಿಸಿ ಹೊಡೆದಾಟ ತುಂಬಿದ್ದಾರೆ ಎಂದು ಸಾಲುಸಾಲಾಗಿ ಆಕ್ಷೇಪ ಬರೆದಿದ್ದರು. ಆದರೂ 1969ರಲ್ಲಿ ಹಕ್ಕು ಮಾರಿದರು. ಜರ್ಮನಿಯ ಮಿಖಾಯೆಲ್ ಎಂಡೆ ತಮ್ಮ 'ನೆವರ್ ಎಂಡಿಂಗ್ ಸ್ಟೋರಿ' 1984ರಲ್ಲಿ ಚಿತ್ರವಾದಾಗ ನ್ಯಾಯಾಲಯದವರೆಗೂ ಹೋಗಿ ಸೋತರು.

ನಮ್ಮವರಿಗೂ ಇದು ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಮಾಡಿದಾಗ, ಅದು ನಾಗರಹಾವಲ್ಲ, ಕೇರೆಹಾವು ಎಂದು ಲೇಖಕರು ಬೇಸರಪಟ್ಟ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಚಿತ್ರವಂತೂ ಜನರ ಬಾಯಲ್ಲಿ ಉಳಿಯಿತು. ಕೊಡಗಿನ ಕಾದಂಬರಿಕಾರ ಭಾರತೀಸುತರ 'ಹುಲಿಯ ಹಾಲಿನ ಮೇವು' 1979ರಲ್ಲಿ ರಾಜ್‌ಕುಮಾರ್ ಚಿತ್ರವಾಗಿ ಬಂದಾಗ ನಮ್ಮ ಮನೆಯ ಹಿರಿಯರು ಉಡುಗೆ ಹೀಗಿರಬೇಕಿತ್ತು, ನಡೆ ಹಾಗಿರಬೇಕಿತ್ತು ಎಂದು ವರ್ಷಗಟ್ಟಲೆ ತಕರಾರು ತೆಗೆದರಂತೆ. ತಕರಾರು ತೆಗೆಯುತ್ತಲೇ 'ಬೆಳದಿಂಗಳಾಗಿ ಬಾ' ಗುನುಗುತ್ತಿದ್ದರು ಎಂಬುದನ್ನೂ ಹೇಳಬೇಕು.

ಆದರೆ ಇಂದಿನ ಗಂಟು ಬಿದ್ದದ್ದು 2001ರಿಂದ 2003ರ ನಡುವೆ. ನಿರ್ದೇಶಕ ಪೀಟರ್ ಜಾಕ್ಸನ್ ಟೋಲ್ಕಿನ್ ಕಾದಂಬರಿಯನ್ನು ವರ್ಷಕ್ಕೊಂದರಂತೆ ಮೂರು ಚಿತ್ರಗಳಾಗಿ ತಂದರು. ಕೊನೆಯದಕ್ಕೆ 11 ಆಸ್ಕರ್ ಬಂದವು. ಆ ವರ್ಷಗಳು ಕೊಡಗಿಗೆ ಬೇರೆಯೇ ಕಾರಣಕ್ಕೆ ನೆನಪಿವೆ. ಜಗತ್ತಿನೆಲ್ಲೆಡೆ ಕಾಫಿಯ ಬೆಲೆ ನೆಲಕಚ್ಚಿತ್ತು. ಕೊಯ್ಲಿನ ಕೂಲಿಯೂ ಹುಟ್ಟದ ಹೊತ್ತಿನಲ್ಲಿ ತೋಟದ ನೆರಳಿನ ಮರಗಳತ್ತ ಕಣ್ಣು ಹೋಗುವುದು ಸಹಜ. ನಂದಿ, ಹಲಸು, ಅತ್ತಿ ಇದ್ದ ಕಡೆ ಸಿಲ್ವರ್ ಓಕ್ ಸಾಲು ಎದ್ದು ನಿಂತದ್ದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ.

ಚಿತ್ರ ನೋಡಲು ಮೈಸೂರಿಗೆ ಹೋಗಬೇಕಿತ್ತು. ಕಣದಲ್ಲಿ ಕಾಫಿ ಹರಡಿಟ್ಟು ಯಾರು ಹೋಗುತ್ತಾರೆ? ನಮಗೆ ದಕ್ಕಿದ್ದು ಬಾಡಿಗೆಯ ವಿಸಿಡಿ. ಮೂರು ಗಂಟೆಯ ಚಿತ್ರಕ್ಕೆ ಮೂರು ಡಿಸ್ಕ್. ನಮ್ಮೂರಿನ ಅಂಗಡಿಯಲ್ಲಿ ಮೊದಲ ಭಾಗದ ಮೂರನೆಯ ಡಿಸ್ಕಿಗೆ ಗೀರು ಬಿದ್ದಿತ್ತು. ಹೀಗಾಗಿ ಕಥೆಯ ಯೋಧ ಬೊರೊಮಿರ್ ಸತ್ತ ಸುದ್ದಿ ನಮ್ಮ ಗೆಳೆಯರ ಗುಂಪಿಗೆ ತಲುಪಿದ್ದು ಪುಸ್ತಕದ ಎರಡನೆಯ ಸಂಪುಟ ತೆರೆದಾಗ. ಜಡಿಮಳೆಯ ಕಕ್ಕಡ ತಿಂಗಳಿನಲ್ಲಿ ಕರೆಂಟು ವಾರಗಟ್ಟಲೆ ಇರುವುದಿಲ್ಲ. ಮೂರು ಸಂಪುಟಗಳನ್ನು ಚಿಮಣಿಯ ಬೆಳಕಿನಲ್ಲಿ ಓದಿ ಮುಗಿಸಿದವರು ಆಗ ಇದ್ದರು. ಹಾಗೆ ಓದಿದವರನ್ನು ಆಮೇಲೆ ಯಾವ ಚಿತ್ರವೂ ಒಲಿಸಿಕೊಳ್ಳಲಾಗದು ಎಂಬುದು ನನ್ನ ಅನುಭವ.

ಅಭಿಮಾನಿಗಳ ದೂರುಗಳ ಪಟ್ಟಿ ಉದ್ದವಿದೆ. ಹಾಡುತ್ತ ತಿರುಗುವ ಟಾಮ್ ಬೊಂಬಾಡಿಲ್ ಇಲ್ಲ, ಎಲ್ಫ್ ವೀರ ಗ್ಲಾರ್ಫಿಂಡೆಲ್ ಬದಲು ಎಲ್ಫ್ ಹುಡುಗಿ ಆರ್ವೆನ್ ಬಂದಳು, ಹೆಲ್ಮ್ಸ್ ಡೀಪ್ ಕೋಟೆಗೆ ಕರೆಯದ ಎಲ್ಫ್ ಸೇನೆ ಬಂತು, ಬೊರೊಮಿರ್‌ನ ತಮ್ಮ ಫರಾಮಿರ್‌ನ ಘನತೆ ಹೋಯಿತು. ಇವುಗಳಲ್ಲಿ ಹೆಚ್ಚಿನವು ನನಗೆ ದೊಡ್ಡವೆನಿಸುವುದಿಲ್ಲ. ಬೊಂಬಾಡಿಲ್ ಪರದೆಯ ಮೇಲೆ ಐದು ನಿಮಿಷ ಹಾಡಿದ್ದರೆ ಅರ್ಧ ಜನ ಕಡಲೆಕಾಯಿ ತರಲು ಹೊರಗೆ ಹೋಗುತ್ತಿದ್ದರು.

ಬಿಟ್ಟದ್ದರಲ್ಲಿ ತೂಕವಿರುವುದು ಒಂದಕ್ಕೇ. ಯುದ್ಧ ಗೆದ್ದ ಫ್ರೋಡೊ, ಸ್ಯಾಮ್, ಮೆರ್ರಿ, ಪಿಪ್ಪಿನ್ ಎಂಬ ನಾಲ್ವರು ಹಾಬಿಟ್‌ಗಳು, ಅಂದರೆ ಕಥೆಯ ಕುಳ್ಳ ಜನ, ಊರಿಗೆ ಮರಳುವ ಅಧ್ಯಾಯ. ಪುಸ್ತಕದಲ್ಲಿ ಅವರು ಬಂದು ನೋಡುವಾಗ ಸಾಲುಮರಗಳು ಉರುಳಿವೆ, ಹಳೆಯ ಗಿರಣಿಯ ಜಾಗದಲ್ಲಿ ಹೊಗೆಯುಗುಳುವ ಹೊಸದು ನಿಂತಿದೆ, ಊರಿನ ಹಬ್ಬ ನಡೆದ ಮರವನ್ನೂ ಕಡಿದು ಬಯಲಲ್ಲಿ ಕೆಡವಿದ್ದಾರೆ. ಅದನ್ನು ಕಂಡು ಸ್ಯಾಮ್ ಅಳುತ್ತಾನೆ. ಹಾಳು ಮಾಡಲು ಹೊರಗಿನವರು ಬಂದದ್ದು ನಿಜ, ಕೈಜೋಡಿಸಿದ್ದು ಊರಿನವರೇ. ತಾನು ಬೆಳೆದ ಹಳ್ಳಿಸೀಮೆ ತನಗೆ ಹತ್ತು ತುಂಬುವ ಮೊದಲೇ ಹಾಳಾಗುತ್ತಿತ್ತು ಎಂದು ಟೋಲ್ಕಿನ್ ಮುನ್ನುಡಿಯಲ್ಲಿ ಬರೆದಿದ್ದಾರೆ. ದೇವರಕಾಡುಗಳ ಅಂಚು ವರ್ಷವರ್ಷ ಸರಿಯುವುದನ್ನು ನೋಡಿದವರಿಗೆ ಈ ಪುಟಗಳು ಮಾಂತ್ರಿಕ ಕಥೆಯೆನಿಸುವುದಿಲ್ಲ. ಚಿತ್ರದಲ್ಲಿ ಈ ಪ್ರಸಂಗ ಗಲಾಡ್ರಿಯೆಲ್‌ಳ ನೀರಿನ ಕನ್ನಡಿಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಊರು ಮೊದಲಿನಷ್ಟೇ ಹಸಿರಾಗಿದೆ.

ಇದನ್ನು ನಾನು ಪಕ್ಕದ ಮನೆಯ ನಿವೃತ್ತ ಸುಬೇದಾರರ ಮುಂದೆ ಒಮ್ಮೆ ಬಿಸಿಬಿಸಿಯಾಗಿ ವಾದಿಸಿದ್ದೆ. ಅವರು ಆಗ ಪುಸ್ತಕ ಓದಿರಲಿಲ್ಲ, ಚಿತ್ರ ನೋಡಿದ್ದರು. ಕೊನೆಯಲ್ಲಿ ನಾಲ್ವರೂ ಹಳೆಯ ಪಡಖಾನೆಗೆ ಬಂದು ಕೂರುವ ದೃಶ್ಯವಿದೆಯಲ್ಲ, ಸುತ್ತಲಿನವರು ಯಾವುದೋ ದೊಡ್ಡ ಕುಂಬಳಕಾಯಿಯನ್ನು ಹೊಗಳುತ್ತಿರುತ್ತಾರೆ, ಇವರತ್ತ ಯಾರೂ ತಿರುಗಿಯೂ ನೋಡುವುದಿಲ್ಲ, ನಾಲ್ವರು ಮುಖ ಮುಖ ನೋಡಿಕೊಂಡು ಸುಮ್ಮನೆ ಲೋಟ ಎತ್ತುತ್ತಾರೆ. "ಅದು ಸರಿ ಇದೆ" ಎಂದರು ಸುಬೇದಾರರು. "ಊರು ಬದಲಾಗಬೇಕೆಂದೇನಿಲ್ಲ. ನಾನು ರಜೆಗೆ ಬಂದಾಗಲೆಲ್ಲ ಇಲ್ಲಿ ಕುಂಬಳಕಾಯಿಯ ಮಾತೇ ನಡೆಯುತ್ತಿತ್ತು."

ಸುಬೇದಾರರು ಮಳೆಗಾಲದಲ್ಲಿ ಮೂರನೆಯ ಸಂಪುಟ ಒಯ್ದು ಕೊಯ್ಲಿನ ಹೊತ್ತಿಗೆ ಹಿಂದಿರುಗಿಸಿದರು. ಅಭಿಪ್ರಾಯ ಬದಲಾಗಿರಲಿಲ್ಲ. ಪುಸ್ತಕದಲ್ಲಿ ಮೆರ್ರಿ, ಪಿಪ್ಪಿನ್ ಇಬ್ಬರನ್ನೂ ಊರು ಮೆರೆಸುತ್ತದೆ, ಅದು ಬರಹಗಾರನ ಆಸೆ ಎಂದರು. ಫ್ರೋಡೊನನ್ನು ಯಾರೂ ಗೌರವಿಸುವುದಿಲ್ಲವಲ್ಲ ಎಂದೆ. "ಅವನೊಬ್ಬನನ್ನು ಸರಿಯಾಗಿ ಬರೆದಿದ್ದಾನೆ" ಎಂದು ಒಪ್ಪಿದರು. 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕಣದಲ್ಲಿದ್ದ ಬರಹಗಾರನ ಬಗ್ಗೆ ಇನ್ನೊಬ್ಬ ಸಿಪಾಯಿಯ ತೀರ್ಪು ಅದು. ನಾನು ಈಗಲೂ ಆ ಅಧ್ಯಾಯದ ಪರವೇ. ಆದರೆ ಪಡಖಾನೆಯ ದೃಶ್ಯ ಬಂದಾಗ ಮಾತನಾಡುವುದಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. ಹ್ಯಾರಿ ಪಾಟರ್‌ನ ಏಳು ಪುಸ್ತಕ 2011ರ ಹೊತ್ತಿಗೆ ಎಂಟು ಚಿತ್ರಗಳಾದವು. ಕೊನೆಯದನ್ನು ಎರಡು ತುಂಡು ಮಾಡಿದರೂ ತಂಟೆಕೋರ ಪೀವ್ಸ್ ಭೂತಕ್ಕೆ ಯಾವುದರಲ್ಲೂ ಜಾಗ ಸಿಗಲಿಲ್ಲ. ನಾಲ್ಕನೆಯ ಪುಸ್ತಕದಲ್ಲಿ ಶಾಂತವಾಗಿ ಪ್ರಶ್ನಿಸುವ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಚಿತ್ರದಲ್ಲಿ ಹುಡುಗನ ಮೈಮೇಲೆ ಎರಗಿದ್ದನ್ನು ಓದುಗರು ಇಂದಿಗೂ ನೆನೆದು ನಗುತ್ತಾರೆ. ಅರ್ಸುಲಾ ಲೆ ಗ್ವಿನ್ ತಮ್ಮ 'ಅರ್ತ್‌ಸೀ'ಯ ನಾಯಕನಿಗೆ ತಾಮ್ರದ ಮೈಬಣ್ಣ ಕೊಟ್ಟಿದ್ದರು. 2004ರ ಟಿವಿ ಸರಣಿಯಲ್ಲಿ ಅವನು ಬಿಳಿಯನಾದ. ಅವರು ಬಹಿರಂಗವಾಗಿ ಪ್ರತಿಭಟಿಸಿದರು. ನಮ್ಮಲ್ಲಿ ಅದರ ಚರ್ಚೆಯೇ ಆಗಲಿಲ್ಲ, ಆಗಬೇಕಿದ್ದದ್ದು ನಮ್ಮಲ್ಲೇ. 1937ರ ಪುಟ್ಟ ಪುಸ್ತಕ 'ದಿ ಹಾಬಿಟ್' 2012ರಿಂದ ಮೂರು ಚಿತ್ರಗಳಾಗಿ ಉಬ್ಬಿತು. ಕತ್ತರಿಸಿದರು ಎಂದು ದೂರುತ್ತಿದ್ದವರು ಈಗ ಎಳೆದರು ಎಂದು ದೂರಿದರು. 'ಗೇಮ್ ಆಫ್ ಥ್ರೋನ್ಸ್' ಅಂತೂ ಪುಸ್ತಕವನ್ನು ದಾಟಿ ಓಡಿ 2019ರಲ್ಲಿ ಮುಗಿದೇ ಹೋಯಿತು. ಆರನೆಯ ಸಂಪುಟ ಇನ್ನೂ ಬಂದಿಲ್ಲ. ಮುಂದೇನೆಂದು ಬಲ್ಲವನ ಗತ್ತು ಅಲ್ಲಿಗೆ ಓದುಗನ ಕೈಬಿಟ್ಟಿತು.

2022ರಲ್ಲಿ ಟೋಲ್ಕಿನ್ ಲೋಕದ 'ದಿ ರಿಂಗ್ಸ್ ಆಫ್ ಪವರ್' ವೆಬ್ ಸರಣಿ ಬಂದಾಗ ನಡೆದದ್ದು ವಿಚಿತ್ರ. ಸಾವಿರಾರು ವರ್ಷಗಳ ಘಟನೆಗಳನ್ನು ಒಂದೇ ಕಾಲಕ್ಕೆ ಒತ್ತಿ ತಂದ ಕಥೆ ಅದು, ಆಕ್ಷೇಪಕ್ಕೆ ಬೇಕಾದಷ್ಟು ಎಡೆಯಿತ್ತು. ಆದರೆ ಅದನ್ನು ಅಳೆಯಲು ಹೆಚ್ಚಿನವರು ಕೈಗೆತ್ತಿಕೊಂಡ ಕೋಲು ಪುಸ್ತಕವಲ್ಲ, ಜಾಕ್ಸನ್ ಚಿತ್ರಗಳು. 2001ರಲ್ಲಿ ದ್ರೋಹ ಎನಿಸಿಕೊಂಡದ್ದು ಇಪ್ಪತ್ತೊಂದು ವರ್ಷಗಳಲ್ಲಿ ಮೂಲವೇ ಆಗಿಬಿಟ್ಟಿತ್ತು.

ಅದೇ ಲೋಕದ, ಉಂಗುರದ ಆಸೆಗೆ ಬಿದ್ದ ಗೊಲ್ಲಮ್‌ನನ್ನು ಹುಡುಕಿ ಹೋಗುವ ಕಥೆಯ ಹೊಸ ಚಿತ್ರ ಬರಲಿದೆ ಎಂದು 2024ರಲ್ಲಿ ಘೋಷಣೆಯಾಗಿದೆ. ಕಾದಂಬರಿಯಲ್ಲಿ ಆ ಹುಡುಕಾಟ ಪಾತ್ರಗಳ ಬಾಯಲ್ಲಿ ಕೆಲವೇ ಪುಟಗಳಲ್ಲಿ ಬಂದುಹೋಗುತ್ತದೆ. ಹುತ್ತರಿ ಮುಗಿಸಿ ಬೆಂಗಳೂರಿಗೆ ಹೊರಟಾಗ ತಮ್ಮ, ಚಿಕ್ಕಪ್ಪನ ಮಗಳಿಗೆ ಕಾಣದಂತೆ, ಕಪಾಟಿನಿಂದ ಮೊದಲ ಸಂಪುಟ ತೆಗೆದು ಚೀಲಕ್ಕೆ ಹಾಕಿಕೊಂಡ. ಕಪಾಟಿನಲ್ಲಿ ಖಾಲಿ ಬಿದ್ದ ಜಾಗ ನೋಡಿ ಅವಳು ಆಗಲೇ ನಕ್ಕಿದ್ದಳು.