2.91 ಮತ್ತು 2.93: ಇಬ್ಬರು ಪಿಚರ್‌ಗಳು, ಎರಡು ಕಾಲ

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ನನ್ನು ಅಳೆಯುವ ಹಳೆಯ ಮಾನದಂಡಕ್ಕೆ ಇಆರ್‌ಎ ಎಂದು ಹೆಸರು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್‌ಗಳನ್ನು ಬಿಟ್ಟು, ಪಿಚರ್ ತಾನೇ ಹೊಣೆಯಾಗಿರುವ ರನ್‌ಗಳನ್ನು ಒಂಬತ್ತರಿಂದ (ಒಂದು ಪಂದ್ಯದ ಇನಿಂಗ್ಸ್ ಸಂಖ್ಯೆ) ಗುಣಿಸಿ, ಅವನು ಎಸೆದ (ತಲಾ ಮೂರು ಔಟ್‌ಗಳ) ಇನಿಂಗ್ಸ್‌ಗಳಿಂದ ಭಾಗಿಸಿದರೆ ಈ ಅಂಕಿ ದೊರೆಯುತ್ತದೆ. ಅದು ಕಡಿಮೆಯಾದಷ್ಟೂ ಒಳ್ಳೆಯದು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 1959ರಿಂದ 1975ರವರೆಗೆ ಆಡಿದ ಬಾಬ್ ಗಿಬ್ಸನ್ ಅವರ ವೃತ್ತಿಜೀವನದ ಇಆರ್‌ಎ 2.91. ಡೊಮಿನಿಕನ್ ಗಣರಾಜ್ಯದಿಂದ ಬಂದು 1992ರಿಂದ 2009ರವರೆಗೆ ಆಡಿದ ಪೆಡ್ರೊ ಮಾರ್ಟಿನೆಜ್ ಅವರದು 2.93. ಇಷ್ಟನ್ನೇ ನೋಡಿದವರು ಇಬ್ಬರೂ ಸಮಾನರೆಂದು ತೀರ್ಮಾನಿಸುವುದು ಸಹಜ. ಆದರೆ ಆ ತೀರ್ಮಾನದಿಂದ ಮಾರ್ಟಿನೆಜ್ ಅವರಿಗೆ ದೊಡ್ಡ ಅನ್ಯಾಯವಾಗುತ್ತದೆ.

ಏಕದಿನ ಕ್ರಿಕೆಟ್ಟಿನಲ್ಲಿ ಓವರಿಗೆ ಐದು ರನ್ ಕೊಡುವ ಬೌಲರ್ 1980ರ ದಶಕದಲ್ಲಿ ದುಬಾರಿ ಎನಿಸುತ್ತಿದ್ದ. ಇಂದು ಅಂಥವನನ್ನು ನಾಯಕ ನೆಚ್ಚಿಕೊಳ್ಳುತ್ತಾನೆ. ಬೇಸ್‌ಬಾಲ್‌ನಲ್ಲಿಯೂ ರನ್ನಿನ ಬೆಲೆ ಕಾಲದಿಂದ ಕಾಲಕ್ಕೆ ಹೀಗೆಯೇ ಏರಿಳಿದಿದೆ.

1968ರಲ್ಲಿ ಗಿಬ್ಸನ್ 304 ಇನಿಂಗ್ಸ್‌ಗಿಂತ ತುಸು ಹೆಚ್ಚು ಎಸೆದು ಕೇವಲ 38 ರನ್‌ಗಳಿಗೆ ಹೊಣೆಯಾದರು. ಇಆರ್‌ಎ 1.12. ಅದು ಅದ್ಭುತ ಸಾಧನೆಯೇ; ಆದರೆ ಆ ವರ್ಷ ಅವರು ಆಡಿದ, ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಸರಾಸರಿಯೂ ಮೂರರ ಆಸುಪಾಸಿನಲ್ಲಿತ್ತು. ಪಿಚರ್ ನಿಂತು ಎಸೆಯುವ ದಿಬ್ಬ 15 ಅಂಗುಲ ಎತ್ತರವಿತ್ತು, 1963ರಲ್ಲಿ ಹಿಗ್ಗಿಸಿದ ಸ್ಟ್ರೈಕ್ ವಲಯ (ಬ್ಯಾಟರ್ ಹೊಡೆಯದೆ ಬಿಟ್ಟರೂ ಎಸೆತ ಪಿಚರ್ ಪರವಾಗಿ ಎಣಿಕೆಯಾಗುವ ಜಾಗ) ಇನ್ನೂ ಜಾರಿಯಲ್ಲಿತ್ತು. ಅಮೆರಿಕನ್ ಲೀಗ್‌ನಲ್ಲಂತೂ .300 (ಹತ್ತು ಪ್ರಯತ್ನಗಳಲ್ಲಿ ಮೂರು ಯಶಸ್ವಿ ಹೊಡೆತ) ದಾಟಿದ ಬ್ಯಾಟರ್ ಒಬ್ಬರೇ: .301 ಸರಾಸರಿಯ ಕಾರ್ಲ್ ಯಾಸ್‌ಟ್ರೆಮ್ಸ್ಕಿ. ಬ್ಯಾಟರ್‌ಗಳ ಈ ದುಃಸ್ಥಿತಿಯನ್ನು ಕಂಡೇ ಮರುವರ್ಷ ದಿಬ್ಬವನ್ನು 10 ಅಂಗುಲಕ್ಕೆ ತಗ್ಗಿಸಿ, ಸ್ಟ್ರೈಕ್ ವಲಯವನ್ನು ಕಿರಿದುಗೊಳಿಸಲಾಯಿತು.

ಮಾರ್ಟಿನೆಜ್ ಅವರ ಕಾಲ ಇದಕ್ಕೆ ತದ್ವಿರುದ್ಧ. 2000ದಲ್ಲಿ ಅವರು ಬಾಸ್ಟನ್ ರೆಡ್ ಸಾಕ್ಸ್ ಪರವಾಗಿ ಅಮೆರಿಕನ್ ಲೀಗ್‌ನಲ್ಲಿ ಆಡುತ್ತಿದ್ದರು. ಅಲ್ಲಿ ದುರ್ಬಲ ಬ್ಯಾಟರ್ ಆದ ಪಿಚರ್‌ನ ಬದಲಿಗೆ ಬ್ಯಾಟಿಂಗ್‌ಗೆಂದೇ ನೇಮಿತನಾದ ಆಟಗಾರ ಕಣಕ್ಕಿಳಿಯುತ್ತಿದ್ದ. ಹೋಮ್‌ರನ್‌ಗಳ ಸುರಿಮಳೆಯಾಗುತ್ತಿದ್ದ, ಉದ್ದೀಪನ ಮದ್ದಿನ ನೆರಳೂ ಆಟದ ಮೇಲೆ ಬಿದ್ದಿದ್ದ ಕಾಲವದು. ಲೀಗ್‌ನ ಸರಾಸರಿ ಇಆರ್‌ಎ 4.9ರಷ್ಟಿದ್ದಾಗ ಮಾರ್ಟಿನೆಜ್ 217 ಇನಿಂಗ್ಸ್‌ಗಳಲ್ಲಿ 42 ರನ್‌ಗಳಿಗೆ ಹೊಣೆಯಾಗಿ 1.74ರಲ್ಲಿ ನಿಂತರು. ಆ ಲೀಗ್‌ನಲ್ಲಿ ಅವರ ನಂತರದ ಸ್ಥಾನ ಪಡೆದ ರೋಜರ್ ಕ್ಲೆಮೆನ್ಸ್ ಅವರ ಅಂಕಿ 3.70, ಅಂದರೆ ಎರಡು ಪಟ್ಟಿಗೂ ಹೆಚ್ಚು. ಈ ಅಂತರವನ್ನು ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಇಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತರಲೆಂದೇ ‘ಇಆರ್‌ಎ ಪ್ಲಸ್’ ಎಂಬ ಅಳತೆ ಬಳಕೆಗೆ ಬಂದಿದೆ. ಲೀಗ್‌ನ ಸರಾಸರಿಯನ್ನು ಪಿಚರ್‌ನ ಇಆರ್‌ಎಯಿಂದ ಭಾಗಿಸಿ, ನೂರರಿಂದ ಗುಣಿಸಿ, ಅವನು ಆಡಿದ ಮೈದಾನಗಳು ಬ್ಯಾಟರ್‌ಗೆ ಒಲಿಯುವಂಥವೋ ಅಲ್ಲವೋ ಎಂಬುದನ್ನೂ ಇದರಲ್ಲಿ ಸರಿದೂಗಿಸುತ್ತಾರೆ. ನೂರು ಎಂದರೆ ಸರಾಸರಿ ಪಿಚರ್. ಈ ಅಳತೆಯಲ್ಲಿ ಗಿಬ್ಸನ್ ಅವರ 1968ಕ್ಕೆ 258, ಮಾರ್ಟಿನೆಜ್ ಅವರ 2000ಕ್ಕೆ 291 ಸಿಗುತ್ತದೆ. ಇಡೀ ವೃತ್ತಿಜೀವನಕ್ಕೆ ಅನ್ವಯಿಸಿದರೆ ಗಿಬ್ಸನ್ 127, ಮಾರ್ಟಿನೆಜ್ 154. ಅಂದರೆ ಅದೇ ಪರಿಸ್ಥಿತಿಯಲ್ಲಿ ಸರಾಸರಿ ಪಿಚರ್ ಒಬ್ಬ ಮಾರ್ಟಿನೆಜ್ ಅವರಿಗಿಂತ ಶೇಕಡಾ 54ರಷ್ಟು, ಗಿಬ್ಸನ್ ಅವರಿಗಿಂತ ಶೇಕಡಾ 27ರಷ್ಟು ಹೆಚ್ಚು ರನ್ ಬಿಟ್ಟುಕೊಡುತ್ತಿದ್ದ.

ಆದರೆ ಈ ಅಂಕಿ ಎಷ್ಟು ದುಡಿದರು ಎಂಬುದನ್ನು ಹೇಳುವುದಿಲ್ಲ. ಗಿಬ್ಸನ್ ವೃತ್ತಿಜೀವನದಲ್ಲಿ 3,884 ಇನಿಂಗ್ಸ್ ಎಸೆದರೆ ಮಾರ್ಟಿನೆಜ್ 2,827 ಎಸೆದರು. 1968ರಲ್ಲಿ ಗಿಬ್ಸನ್ ತಾವು ಆರಂಭಿಸಿದ 34 ಪಂದ್ಯಗಳಲ್ಲಿ 28ನ್ನು ತಾವೇ ಮುಗಿಸಿದ್ದರು. ದುಡಿಮೆಯನ್ನೂ ಸೇರಿಸಿ, ಸರಾಸರಿ ಪಿಚರ್‌ಗೆ ಹೋಲಿಸಿದರೆ ತಂಡಕ್ಕೆ ಉಳಿಸಿಕೊಟ್ಟ ರನ್‌ಗಳೆಷ್ಟು ಎಂದು ಮೈದಾನದ ಪ್ರಭಾವವನ್ನು ಬಿಟ್ಟು ಲೆಕ್ಕ ಹಾಕಿದರೆ, ಗಿಬ್ಸನ್ ಅವರ ಆ ವರ್ಷಕ್ಕೆ ಸುಮಾರು 63, ಮಾರ್ಟಿನೆಜ್ ಅವರ 2000ಕ್ಕೆ ಸುಮಾರು 76 ಬರುತ್ತದೆ. ಹಾಗಿದ್ದರೂ ತಂಡವೊಂದು ಪಂದ್ಯಕ್ಕೆ ಸರಾಸರಿ 3.4 ರನ್ ಗಳಿಸುತ್ತಿದ್ದ 1968ರಲ್ಲಿ ಉಳಿಸಿದ ಒಂದೊಂದು ರನ್ನೂ, ಐದಕ್ಕೂ ಹೆಚ್ಚು ಗಳಿಸುತ್ತಿದ್ದ 2000ದ ರನ್ನಿಗಿಂತ ಗೆಲುವಿಗೆ ಹೆಚ್ಚು ನೆರವಾಗುತ್ತಿತ್ತು. ಹೀಗಾಗಿ ಆ ಎರಡು ವರ್ಷಗಳ ನಡುವಿನ ಅಂತರ ಬಹಳಷ್ಟು ಕುಗ್ಗುತ್ತದೆ. ಒಂದೊಂದು ಇನಿಂಗ್ಸ್‌ನ ಹಿರಿಮೆಯಲ್ಲಿ ಮಾತ್ರ, ನನ್ನ ದೃಷ್ಟಿಯಲ್ಲಿ, ಮಾರ್ಟಿನೆಜ್ ಅವರೇ ಮುಂದೆ.