ಎಕ್ಸ್‌ಗೂ ವೈಗೂ ಅಳತೆಯೇ ಹೊಂದಲ್ಲ, ಮತ್ತೆ ಜೋಡಿ ಆಗೋದು ಹೇಗೆ?

ತೀರ್ಥಹಳ್ಳಿಯ ಪಿಯುಸಿ ವಿದ್ಯಾರ್ಥಿನಿಯ ಪ್ರಶ್ನೆ: "ಸರ್, ಉಳಿದ 22 ಜೋಡಿ ಕ್ರೋಮೋಸೋಮ್‌ಗಳು ತಮ್ಮತಮ್ಮಲ್ಲಿ ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಗಂಡಸರ ಎಕ್ಸ್, ವೈ ನಡುವೆಯೂ ಹಾಗೆ ಆಗುತ್ತಾ?"

ಆಗುತ್ತದೆ, ಆದರೆ ತುದಿಗಳಲ್ಲಿ ಮಾತ್ರ. ಕ್ರೋಮೋಸೋಮ್ ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆ; ಗಂಡೋ ಹೆಣ್ಣೋ ಅನ್ನೋದನ್ನು ನಿರ್ಧರಿಸುವ ಜೋಡಿ ಎಕ್ಸ್, ವೈ. ಎಕ್ಸ್‌ನಲ್ಲಿ ಸುಮಾರು 15.5 ಕೋಟಿ ಡಿಎನ್‌ಎ ಅಕ್ಷರ, ವೈನಲ್ಲಿ 6 ಕೋಟಿ ಚಿಲ್ಲರೆ. ಇಷ್ಟರಲ್ಲಿ ಎರಡೂ ಸರಿಯಾಗಿ ಹೊಂದೋದು ಒಂದು ತುದಿಯ 27 ಲಕ್ಷ, ಇನ್ನೊಂದು ತುದಿಯ 3 ಲಕ್ಷದಷ್ಟು ಅಕ್ಷರ, ಅಷ್ಟೇ. ವೀರ್ಯಾಣು ತಯಾರಾಗುವಾಗ ಆ ದೊಡ್ಡ ತುದಿಯಲ್ಲಿ ಒಂದು ಅದಲುಬದಲು ಆಗಲೇಬೇಕು. ಬೇರೆಯಾಗುವ ಹೊತ್ತು ಬರುವ ತನಕ ಎರಡನ್ನೂ ಹಿಡಿದಿಡುವ ಗಂಟು ಅದೇ. ಗಂಟು ಬೀಳದಿದ್ದರೆ ಎರಡೂ ಒಂದೇ ವೀರ್ಯಾಣುವಿಗೆ ಹೋಗಿಬಿಡಬಹುದು, ಅಥವಾ ಎರಡೂ ಇಲ್ಲದ ವೀರ್ಯಾಣು ಆಗಬಹುದು.

ಇವೂ ಒಂದು ಕಾಲಕ್ಕೆ ಮಾಮೂಲಿ ಜೋಡಿಯೇ ಆಗಿದ್ದವು. ಒಂದರಲ್ಲಿ ಗಂಡಾಗಿಸುವ ಜೀನ್ ಹುಟ್ಟಿತು. ಆಮೇಲೆ ಆ ಕಡೆಯ ತುಂಡುಗಳು ತಲೆಕೆಳಗಾಗಿ ತಿರುಗಿದವು, ತಿರುಗಿದ ಜಾಗ ಎದುರಿನದರ ಜೊತೆ ಹೊಂದಲಿಲ್ಲ, ಅಲ್ಲಿ ಅದಲುಬದಲು ನಿಂತಿತು. ಇದು ಹಂತಹಂತವಾಗಿ ನಡೆದದ್ದನ್ನು ವಿಜ್ಞಾನಿಗಳಾದ ಬ್ರೂಸ್ ಲಾನ್ ಮತ್ತು ಡೇವಿಡ್ ಪೇಜ್ 1999ರಲ್ಲಿ ತೋರಿಸಿದರು. ಗಂಡಿಗೆ ಅನುಕೂಲವಾದ ಜೀನ್‌ಗಳು ಒಟ್ಟಿಗೆ ಉಳಿಯಲಿ ಅಂತಲೇ ಹೀಗಾಯ್ತು ಅನ್ನೋದು ಪುಸ್ತಕದ ವಿವರಣೆ. ಎಲ್ಲಾ ಹಂತಕ್ಕೂ ಅದೇ ಕಾರಣ ಅಂತ ನನಗನ್ನಿಸೋದಿಲ್ಲ, ಸುಮ್ನೆ ಆಕಸ್ಮಿಕವಾಗಿ ತಿರುಗಿ ಹಾಗೇ ಉಳಿದವೂ ಇರಬಹುದು. ಏನೇ ಇರಲಿ, ಅದಲುಬದಲು ನಿಂತ ಮೇಲೆ ಕೆಟ್ಟ ಜೀನ್ ಬಿಟ್ಟು ಒಳ್ಳೇದನ್ನು ಇಟ್ಟುಕೊಳ್ಳೋಕೆ ವೈಗೆ ದಾರಿ ಇಲ್ಲ, ಅದಕ್ಕೇ ಅದು ಸವೆದದ್ದು.

ಗಡಿ ಎಷ್ಟು ಸೂಕ್ಷ್ಮ ನೋಡಿ. ಎಸ್‌ಆರ್‌ವೈ ಅನ್ನೋ ಆ ಗಂಡಾಗಿಸುವ ಜೀನ್ ಇರೋದು ದೊಡ್ಡ ತುದಿಯ ಗಡಿ ದಾಟಿ ಬರೀ 5 ಸಾವಿರ ಅಕ್ಷರ ಆಚೆ. ಅಪರೂಪಕ್ಕೆ ಅದಲುಬದಲು ಸ್ವಲ್ಪ ಆಚೆ ಜಾರಿದರೆ ಅದು ಎಕ್ಸ್ ಮೇಲೆ ಹತ್ತಿ ಹೋಗುತ್ತದೆ. ಅಂಥ ಮಗುವಿಗೆ ಎರಡು ಎಕ್ಸ್ ಇದ್ದರೂ ಮೈ ಗಂಡಿನದು, ದೊಡ್ಡವನಾದ ಮೇಲೆ ವೀರ್ಯಾಣು ಮಾತ್ರ ಆಗೋದಿಲ್ಲ.

ಹೀಗೆ ಹೊಂದುವ ಜಾಗ ಕುಗ್ಗುತ್ತಲೇ ಇರಬೇಕು ಅಂತೇನಿಲ್ಲ. ಆಗುಂಬೆ ಕಡೆ ರಾತ್ರಿ ನಾಯಿ ಹಾಗೆ ಬೊಗಳುವ ಕಾಡುಕುರಿ ಗೊತ್ತಲ್ವಾ? ಅದರ ಹೆಣ್ಣಿಗೆ ಒಟ್ಟು 6 ಕ್ರೋಮೋಸೋಮ್, ಗಂಡಿಗೆ 7. ಒಂದು ಮಾಮೂಲಿ ಕ್ರೋಮೋಸೋಮ್ ಎಕ್ಸ್‌ಗೆ ಅಂಟಿಕೊಂಡುಬಿಟ್ಟಿದೆ. ಗಂಡಿನಲ್ಲಿ ಅದರ ಅಂಟದ ಜೊತೆಗಾರ ಹಾಗೇ ಉಳಿದು, ಅಂಟಿದ ಭಾಗದ ಜೊತೆ ಜೋಡಿಯಾಗುತ್ತದೆ, ಪುಟ್ಟ ವೈ ಥರಾನೇ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅಂದರೆ ಲಿಂಗ ಕ್ರೋಮೋಸೋಮಿಗೆ ಜೋಡಿಯಾಗಬಲ್ಲ ಹೊಸ ಜಾಗ ಸಿಕ್ಕಿತು. ಚೀನಾದಲ್ಲಿರುವ ಇದರ ದಾಯಾದಿ ಕಪ್ಪು ಕಾಡುಕುರಿಯಲ್ಲೂ ಇಂಥದ್ದೇ ಅಂಟು ಆಗಿತ್ತು. ಆಮೇಲೆ ಅಲ್ಲಿ ತುಂಡು ತಿರುಗಿ ಅದಲುಬದಲು ನಿಂತು, ಹೊಸ ವೈ ಆಗಲೇ ಸವೆಯೋಕೆ ಶುರುವಾಗಿದೆ.